ಬಡಿಸುವವನ ಹೊಟ್ಟೆಯ ಚೀಲ

ಕಾರ್ಕಳದ ಮದುವೆಯಿರಲಿ, ಕಾಪುವಿನ ಉಪನಯನವಿರಲಿ, ಸೊಂಟಕ್ಕೆ ಪಂಚೆ ಬಿಗಿದು ಸಾರಿನ ಬಕೆಟ್ ಹಿಡಿದು ಪಂಕ್ತಿಯುದ್ದಕ್ಕೂ ಬಗ್ಗಿ ಬಡಿಸುವುದು ನನ್ನ ಕಸುಬು. ಊರಿಗೆಲ್ಲ ಉಣಬಡಿಸಿದ ನನ್ನ ಹೊಟ್ಟೆಯೇ ಕೈಕೊಟ್ಟಿತು. ಕರುಳಿನ ಕೊನೆಯಲ್ಲಿ ಗಡ್ಡೆ. ಅದನ್ನು ತೆಗೆದು ಎರಡು ತುದಿಗಳನ್ನು ಜೋಡಿಸಬೇಕು ಎಂದರು ಮಣಿಪಾಲದ ಡಾಕ್ಟರಮ್ಮ.

ಆ ಜೋಡಣೆ ಮಾಯುವ ತನಕ ಮಲ ತಾಗದಂತೆ ಅದನ್ನು ಕಾಯಬೇಕಂತೆ. ಅವರು ಚಿತ್ರ ಬರೆದು ವಿವರಿಸಿದರು. ಸಣ್ಣ ಕರುಳನ್ನು ಹೊಟ್ಟೆಯ ಬಲಗಡೆ ಕೆಳಗೆ ಹೊರಗೆ ತಂದು ಚೀಲ ಅಂಟಿಸಬಹುದು. ಆದರೆ ಎಲ್ಲ ನೀರಾಗಿ ಹೋಗುವುದರಿಂದ ನೀರು ಕುಡಿಯುತ್ತಲೇ ಇರಬೇಕು. ದೊಡ್ಡ ಕರುಳನ್ನು ಹೊಕ್ಕುಳಿನಿಂದ ಮೇಲ್ಗಡೆ ಹೊರಗೆ ತಂದರೆ ನೀರಿನ ಕಾಟ ಕಡಿಮೆ, ವಾಸನೆ ಜಾಸ್ತಿ, ಕರುಳು ಹೊರಜಾರುವುದೂ ಉಂಟು. ಚೀಲವೇ ಬೇಡವೆಂದರೆ ಗುದದ್ವಾರದಿಂದ ಒಂದು ಕೊಳವೆ ಇಟ್ಟು ಕೆಲವು ದಿನ ನೋಡಬಹುದು.

"ಕೊಳವೆಯೇ ಸಾಕು" ಎಂದೆ.

"ನಿಮ್ಮ ಜೋಡಣೆ ತುಂಬಾ ಕೆಳಗೆ ಉಂಟು. ಸೋರಿದರೆ ಪ್ರಾಣಕ್ಕೇ ಬರ್ತದೆ. ಚೀಲ ಸೇಫ್. ಯೋಚನೆ ಮಾಡಿ."

ಯೋಚನೆ ಏನು, ಭಯ. ಹೊಟ್ಟೆಯ ಮೇಲೆ ಮಲ ಹೊತ್ತವನ ಕೈಯಿಂದ ಯಾರು ಅನ್ನ ಹಾಕಿಸಿಕೊಳ್ಳುತ್ತಾರೆ? ಮುಂದೆ ಚೀಲ ತೆಗೆದರೂ ಜನ ಮರೆಯುತ್ತಾರೆಯೇ? ಊರಿನವರ ಮಾತು ಬಿಡಿ, ಮನೆಯಲ್ಲಿ ಅತ್ತೆ ಇದ್ದರು. ಅಪ್ಪನ ಅಕ್ಕ, ನನ್ನನ್ನು ಸಾಕಿದವರು. ಮಡಿಯಲ್ಲಿದ್ದಾಗ ನಮ್ಮ ಒಗೆದ ಬಟ್ಟೆ ಸೋಂಕಿದರೂ ಮತ್ತೆ ಸ್ನಾನ. ಉದ್ಯಾವರದ ನಮ್ಮ ಬಾವಿ ಬತ್ತಿದರೆ ಅದಕ್ಕೆ ಅತ್ತೆಯೇ ಕಾರಣ ಎಂದು ನಾವು ತಮಾಷೆ ಮಾಡುತ್ತಿದ್ದೆವು.

ಹೆದರಿಕೊಂಡೇ ಹೇಳಿದೆ. ಅತ್ತೆ ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ.

"ಸೋರಿದರೆ ಎಂತ ಆಗ್ತದೆ?"

"ಜೀವಕ್ಕೆ ಅಪಾಯವಂತೆ."

"ಮತ್ತೆ ಕೇಳ್ಲಿಕ್ಕೆ ಎಂತ ಉಂಟು? ಚೀಲ ಹಾಕಿಸು."

ಆಪರೇಷನ್ನಿಗೆ ಮೊದಲು ನರ್ಸ್ ಚೀಲದ ಜಾಗ ಗುರುತಿಸಲು ಕೂರಿಸಿ, ನಿಲ್ಲಿಸಿ, "ಬಗ್ಗಿ" ಎಂದರು. ನಾನು ಅಭ್ಯಾಸಬಲದಿಂದ ಬಲಗೈಯಲ್ಲಿ ಸೌಟು ಹಿಡಿದವನಂತೆ ಬಗ್ಗಿ ಒಂದು ಹೆಜ್ಜೆ ಮುಂದೆ ಹೋದೆ. ಅವರು ನಕ್ಕು, ಪಂಚೆಯ ಗಂಟಿಗೆ ತಾಗದಂತೆ ಬಲಗಡೆ ಕೆಳಗೆ, ಸಣ್ಣ ಕರುಳಿನ ಚೀಲಕ್ಕೇ ಗುರುತು ಹಾಕಿದರು.

ಮನೆಗೆ ಬಂದ ಮೇಲೆ ಚೀಲ ತನ್ನ ಪಾಡಿಗೆ ಗುಳುಗುಳು ಎನ್ನುತ್ತಿತ್ತು. ಒಂದು ಮಧ್ಯಾಹ್ನ, ಅತ್ತೆ ಮಡಿಯಲ್ಲಿ ನನಗೆ ಅನ್ನ ಹಾಕುತ್ತಿರುವಾಗಲೇ ಅದರ ಅಂಟು ಬಿಟ್ಟುಕೊಂಡಿತು. ಪಂಚೆ, ನೆಲ, ಎಲ್ಲ ಹಾಳು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅತ್ತೆ ಪಾತ್ರೆ ಪಕ್ಕಕ್ಕಿಟ್ಟು, ನನ್ನನ್ನು ಬಚ್ಚಲಿಗೆ ಕಳಿಸಿ, ಬರಿಗೈಯಲ್ಲೇ ನೆಲ ಒರೆಸಿದರು, ಪಂಚೆ ಹಿಂಡಿದರು.

ನಾನು ಚೀಲ ಬದಲಿಸಿ, ಸ್ನಾನ ಮಾಡಿ ಬಂದಾಗ ಅವರು ಕೈ ತೊಳೆದು, ಅದೇ ಸೀರೆಯಲ್ಲಿ, ತಮಗೂ ಒಂದು ಎಲೆ ಹಾಕಿಕೊಂಡು ಕೂತಿದ್ದರು.

"ಸ್ನಾನ ಮಾಡುವುದಿಲ್ವಾ ಅತ್ತೆ?"

"ಹಸಿವಾಗ್ತಾ ಉಂಟು ಮಾರಾಯ. ನೀನೇ ಬಡಿಸು."

ನಾನು ಪಂಚೆ ಬಿಗಿದುಕೊಂಡು, ಬಗ್ಗಿ, ಅವರ ಎಲೆಗೆ ಅನ್ನ ಹಾಕಿದೆ.