ಕಾರ್ ಶೆಡ್ಡಿನಲ್ಲಿ ತೂಗುತ್ತಿದ್ದ ಮಗ್ಗ

ಮೊಳಕಾಲ್ಮೂರಿನ ನಮ್ಮ ಮನೆಯ ಕಾರ್ ಶೆಡ್ಡಿನ ಬಾಗಿಲು ತೆಗೆದೊಡನೆ ಮೊದಲು ಬಂದದ್ದು ಗ್ರೀಸಿನ ವಾಸನೆ. ಕಾರು ಗುಜರಿಗೆ ಹೋಗಿ ಎಷ್ಟೋ ವರ್ಷವಾಯಿತು, ಅದನ್ನು ಓಡಿಸುತ್ತಿದ್ದ ಅಪ್ಪನೂ ಹೋಗಿ ಆಯಿತು, ವಾಸನೆ ಮಾತ್ರ ಬಾಡಿಗೆ ಕೊಡದ ಬಾಡಿಗೆದಾರನ ಹಾಗೆ ಅಲ್ಲೇ ಕೂತಿತ್ತು. ಅದರ ಹಿಂದೆಯೇ, ತೀರ ಸಣ್ಣಗೆ, ಒಣಗಿದ ಬೇವಿನೆಲೆಯ ಕಹಿ ವಾಸನೆ ಮೂಗಿಗೆ ತಾಗಿತು. ನಾನು ತಲೆಯೆತ್ತಿ ನೋಡಿದೆ. ಹಿಂದಿನ ಗೋಡೆಯ ಗೂಟದಲ್ಲಿ, ಹಳೆಯ ಪಂಚೆಯಲ್ಲಿ ಸುತ್ತಿದ ಆ ಉದ್ದನೆಯ ಕಟ್ಟು ಹಾಗೇ ತೂಗುತ್ತಿತ್ತು. ಮನೆ ಮಾರುವುದೆಂದು ತೀರ್ಮಾನವಾದಾಗ ಅಳದಿದ್ದವಳು, ಕೊಳ್ಳುವವರಿಗೆ ಅಡುಗೆಮನೆ, ದೇವರಕೋಣೆ ಎಲ್ಲ ತೋರಿಸುವಾಗಲೂ ಅಂಗಡಿಯವರ ಹಾಗೆ ಮಾತಾಡಿದವಳು, ಆ ಕಟ್ಟನ್ನು ನೋಡಿ ಹೊಸಿಲ ಮೇಲೆ ಕೂತುಬಿಟ್ಟೆ. ನೀವೂ ಎಂದಾದರೂ ಹೀಗೊಂದು ಮನೆಯನ್ನು ಖಾಲಿ ಮಾಡಿದ್ದರೆ ನಿಮಗೆ ಗೊತ್ತು, ಅಳು ಬರುವುದು ದೇವರಕೋಣೆಯಲ್ಲಲ್ಲ, ಇಂಥ ಯಾವುದೋ ಮೂಲೆಯಲ್ಲಿ.

ಮನೆ ಕೊಂಡವರು ರಾಯದುರ್ಗದ ಕಡೆಯ ಬಟ್ಟೆ ವ್ಯಾಪಾರಿ, ಒಳ್ಳೆಯ ಮನುಷ್ಯ. ಅವರು ಕೇಳಿದ್ದು ಒಂದೇ. "ಶೆಡ್ಡು ಖಾಲಿ ಮಾಡ್ಸಿ, ಆ ಗುಂಡಿ ಮುಚ್ಚಿಸ್ಕೊಡ್ರಿ. ನಮ್ಮ ಗಾಡಿ ನಿಲ್ಲಬೇಕು." ಚಳ್ಳಕೆರೆಯಲ್ಲಿ ಬಿಡಿಭಾಗಗಳ ಅಂಗಡಿ ಇಟ್ಟಿರುವ ನನ್ನ ತಮ್ಮ ನಾಗ, ಅಲ್ಲೇ ಶಾಲೆಯಲ್ಲಿ ಮೇಡಂ ಆಗಿರುವ ನನ್ನ ರಜೆ ನೋಡಿಕೊಂಡು ಆ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದ. "ಶೆಡ್ಡು ಚೆಂದಾಗಿ ಕಂಡ್ರೆ ಮಾರಿದ ಮನೆಗೂ ಮರ್ಯಾದಿ ಅಕ್ಕಾ, ಸುಣ್ಣ ಹೊಡೆಸಿಬಿಡು" ಎಂದ. ಅವನ ಜೊತೆಯಲ್ಲೇ ಇರುವ ಅವ್ವ ಫೋನ್ ಕಸಿದುಕೊಂಡು ಹೇಳಿದ್ದು ಬೇರೆ. "ಎಲ್ಲಾ ಬಿಸಾಕ್ರಿ, ನಾನೇನೂ ಅನ್ನಲ್ಲ. ಕಟ್ಟು ಮಾತ್ರ ಮುಟ್ಟಬ್ಯಾಡ ಗೌರಿ. ನಾಳೆ ನಾನೇ ಬರ್ತೀನಿ. ಹಿಂದಿನ ಬೀದಿ ತಿಪ್ಪಕ್ಕನ ಮಗ್ಗಕ್ಕೆ ಹೊಸ ಹಾಸು ಬಂದೈತಂತೆ, ಒಂದಿನ ತಡಿಯೇ ಅಂತ ಹೇಳೀನಿ. ನಮ್ಮ ಎಳೆಗೆ ಅವಳ ಹೊಸ ಹಾಸು ಕೂಡಿಸಿ ಕೊಟ್ಟುಬಿಡ್ತೀನಿ. ಮನೆ ಹೋದ್ರೆ ಹೋಗ್ಲಿ, ಎಳೆ ಹೋಗಬಾರ್ದು."

ಈ ಮಾತು ಅರ್ಥವಾಗಬೇಕಾದರೆ ಶೆಡ್ಡು ಶೆಡ್ಡಾಗುವುದಕ್ಕೆ ಮೊದಲು ಏನಾಗಿತ್ತೆಂದು ಹೇಳಬೇಕು. ಅದು ಅವ್ವನ ಮಗ್ಗದ ಕೋಣೆ. ನೆಲದಲ್ಲೊಂದು ಗುಂಡಿ, ಅದರೊಳಗೆ ಕಾಲು ಇಳಿಬಿಟ್ಟು ಅವ್ವ ನೇಯುತ್ತಿದ್ದಳು. ಬೆಳಗ್ಗೆ ನಮಗೆ ಎಚ್ಚರವಾಗುತ್ತಿದ್ದದ್ದು ಕೋಳಿ ಕೂಗಿಗಲ್ಲ, ಲಾಳಿಯ ಸದ್ದಿಗೆ. ರೇಷ್ಮೆಸೀರೆಯ ಎಳೆಗಳು ತೂರಿ ಬರುವ ಬಾಚಣಿಗೆಯಂಥ ಹಣಿಗೆ, ಅದರ ಹಿಂದಿನ ನೂಲಿನ ಕುಣಿಕೆಗಳು, ಇವೆರಡನ್ನೂ ಸೇರಿಸಿ ನಮ್ಮಲ್ಲಿ ಅಚ್ಚು ಎನ್ನುತ್ತಾರೆ. ಒಂದು ಹಾಸು, ಎಂದರೆ ಮಗ್ಗಕ್ಕೆ ಉದ್ದುದ್ದ ಹಾಸಿದ ಎಳೆಗಳು, ನೇಯ್ದು ಮುಗಿಯಿತೆಂದರೆ ಎಳೆಗಳನ್ನು ಪೂರ್ತಿ ಎಳೆದು ತೆಗೆಯುವುದಿಲ್ಲ, ಗೇಣುದ್ದ ಅಚ್ಚಿನಲ್ಲೇ ಬಿಡುತ್ತಾರೆ. ಬೆರಳಿಗೆ ಬೂದಿ ಹಚ್ಚಿಕೊಂಡು ಆ ಹಳೆಯ ತುದಿಗಳಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸುತ್ತಾರೆ. ಹೀಗೆ ಒಂದು ಸೀರೆಯ ಬಾಲ ಹಿಡಿದುಕೊಂಡೇ ಇನ್ನೊಂದು ಸೀರೆ ಹುಟ್ಟುತ್ತದೆ. ಅಪ್ಪನ ತಾಯಿಯನ್ನು ನಾವು ಜೇಜಿ ಎನ್ನುತ್ತಿದ್ದೆವು. ನಮ್ಮ ಜೊತೆ ಕನ್ನಡ, ಸಿಟ್ಟು ಬಂದರೆ ತೆಲುಗು ಮಾತಾಡುತ್ತಿದ್ದ ಆಕೆ ಹೆಮ್ಮೆಯಿಂದ ಹೇಳುತ್ತಿದ್ದಳು, "ನಾನು ಸೊಸೆಯಾಗಿ ಬಂದಾಗಿಂದ ಈ ಮನೇಲಿ ಎಳೆ ಕಡಿದಿಲ್ಲ. ಹಣಿಗೆ ಬದಲಾತು, ಮರ ಬದಲಾತು, ಎಳೆ ಮಾತ್ರ ಅದೇ." ಜೇಜಿ ಅದನ್ನು ಅವ್ವನ ಕೈಗೆ ಕೊಟ್ಟಿದ್ದಳು. ಅವ್ವನ ಕೈ ಜೇಜಿಯ ಕೈಗಿಂತ ಚುರುಕು ಎಂದು ಬೀದಿಯೇ ಒಪ್ಪಿಕೊಂಡಿತ್ತು, ಜೇಜಿಯೊಬ್ಬಳನ್ನು ಬಿಟ್ಟು.

ಅಪ್ಪನಿಗೆ ಮಗ್ಗ ಒಲಿಯಲಿಲ್ಲ. ಕೂತಲ್ಲಿ ಕೂರದ ಮನುಷ್ಯ. ಸೀರೆ ಕೊಳ್ಳಲು ಬರುವ ವ್ಯಾಪಾರಿಗಳನ್ನು, ಜಟಿಂಗ ರಾಮೇಶ್ವರನ ಬೆಟ್ಟಕ್ಕೆ ಹೋಗುವ ಹರಕೆಯವರನ್ನು ಕೂರಿಸಿಕೊಂಡು ಓಡಾಡಿದರೆ ಮನೆ ಮೇಲಕ್ಕೆ ಬರುತ್ತದೆಂದು ಒಂದು ಹಳೆಯ ಕಾರು ಗೊತ್ತುಮಾಡಿದ. ಕಾರಿಗೆ ಜಾಗ ಬೇಕು, ಬೀದಿಗೆ ಹತ್ತಿದ ಕೋಣೆ ಇದೊಂದೇ. "ಒಂದೇ ವರ್ಷ ಕಣೇ. ಮುಂದಿನ ಆಯುಧಪೂಜೆ ಹೊತ್ತಿಗೆ ಹಿತ್ತಲಲ್ಲಿ ಕಾರಿಗೆ ಬೇರೆ ಶೆಡ್ಡು ಹಾಕ್ಸಿ ಮಗ್ಗ ಮತ್ತೆ ಇಳಿಸ್ತೀನಿ" ಎಂದ. ಅವ್ವ ಒಪ್ಪಲೂ ಇಲ್ಲ, ಬೇಡ ಎನ್ನಲೂ ಇಲ್ಲ. ಬೀದಿಯ ಕಡೆಯ ಗೋಡೆ ಒಡೆದು ದೊಡ್ಡ ಬಾಗಿಲಿಟ್ಟದ್ದೂ ಆಯಿತು, ಮಗ್ಗದ ಮರಗಳನ್ನು ಬಿಚ್ಚಿ ಅಟ್ಟಕ್ಕೆ ಹಾಕಿದ್ದೂ ಆಯಿತು. ಕಾರು ಬಂದ ದಿನ ಅವ್ವ ಇನ್ನೂ ಗುಂಡಿಯ ಅಂಚಿನಲ್ಲಿ ಕೂತು ಅಚ್ಚಿನ ಎಳೆಗಳು ಜಾರಿಹೋಗದಂತೆ ಹಿಡಿಹಿಡಿಯಾಗಿ ಗಂಟು ಹಾಕುತ್ತಿದ್ದಳು. ಜೇಜಿ ಪಕ್ಕದಲ್ಲಿ ನಿಂತು, "ಗಟ್ಟಿಗಂಟು ಹಾಕಮ್ಮಾ" ಎಂದಳು. "ಒಂದು ವರ್ಷಕ್ಕೆ ಗಟ್ಟಿಗಂಟು ಯಾಕತ್ತೆ? ಜಾರುಗಂಟು ಸಾಕು. ಒಂದು ತುದಿ ಎಳೆದ್ರೆ ಬಿಚ್ಕಬೇಕು" ಎಂದಳು ಅವ್ವ. ಹೊರಗೆ ಬೀದಿಯಲ್ಲಿ ಅಪ್ಪ ಎಂಜಿನ್ ಆರಿಸದೆ, ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗುತ್ತಿದ್ದ, "ಆತಾ? ಕಾರು ಒಳಗೆ ತಗೊಳ್ಲಾ?" ಅವ್ವ ಉತ್ತರ ಕೊಡಲಿಲ್ಲ. ಮತ್ತೆ ಕೂಗಿದ. ಅವ್ವನ ಬೆರಳು ಆಡುತ್ತಲೇ ಇತ್ತು. ಕೊನೆಗೆ ಅವ್ವ ಅಚ್ಚನ್ನು ಪಂಚೆಯಲ್ಲಿ ಸುತ್ತಿ ಗೂಟಕ್ಕೆ ತೂಗುಹಾಕಿ ಒಳಗೆ ಹೋದಳು.

ಉತ್ತರಕ್ಕೆ ಕಾಯದೆ ಅಪ್ಪ ಕಾರು ಒಳಗೆ ತಂದ. ತಂದವನು ಗುಂಡಿಯ ಮೇಲೆ ಹಲಗೆ ಹಾಸುವುದನ್ನೇ ಮರೆತಿದ್ದ! ಮುಂದಿನ ಚಕ್ರ ದಡಕ್ಕನೆ ಗುಂಡಿಗೆ ಇಳಿದು ಕಾರು ಮೂಗು ಕೆಳಗೆ ಮಾಡಿ ನಿಂತಿತು. ನೇಕಾರರ ಮನೆಯವನು ಮಾತ್ರ ಮಾಡಬಹುದಾದ ತಪ್ಪು. ಹುಟ್ಟಿದಾಗಿಂದ ಆ ಗುಂಡಿ ನೋಡಿ ನೋಡಿ, ಅದು ನೆಲವೆಂದೇ ಅವನ ಕಣ್ಣಿಗೆ ಆಗಿಹೋಗಿತ್ತು. ಬೀದಿಯ ಗಂಡಸರೆಲ್ಲ ಮಗ್ಗ ಬಿಟ್ಟು ಬಂದು ಎತ್ತಿದರು. ಜೇಜಿ ಬಾಗಿಲಲ್ಲಿ ಕೂತು, "ಮಗ್ಗಾನಿಕಿ ಕೋಪಮೊಚ್ಚಿಂದಿ ರಾ" ಎಂದಳು, ಮಗ್ಗಕ್ಕೆ ಸಿಟ್ಟು ಬಂದಿದೆ ಕಣೋ ಅಂತ. ಜನ ನಕ್ಕರು, ಅಪ್ಪನೂ ನಕ್ಕ. ಅವ್ವ ಒಳಗೆ ರಾಗಿ ಬೀಸುತ್ತಿದ್ದಳು, ಕಲ್ಲಿನ ಸದ್ದು ನಿಲ್ಲಲಿಲ್ಲ.

ನಾನು ಅಪ್ಪನ ಮಗಳು, ಅದನ್ನೂ ಹೇಳಬೇಕು. ಆ ಶೆಡ್ಡು ನನಗೆ ಸ್ವರ್ಗವಾಗಿತ್ತು. ಅವ್ವನ ಕಾಲಿಗೆ ಸಾಕಾಗಿದ್ದ ಗುಂಡಿ ಅಪ್ಪನ ಮೈಗೆ ಸಾಲದೆ ಅದನ್ನು ಉದ್ದಕ್ಕೂ ಆಳಕ್ಕೂ ತೋಡಿಸಿ, ಕಾರಿನ ಅಡಿಯ ರಿಪೇರಿಗೆ ಇಟ್ಟುಕೊಂಡ. ಅವನು ಒಳಗೆ ಮಲಗಿ ಕೈ ಚಾಚಿದರೆ ನಾನು ಮೇಲಿನಿಂದ ಪಾನಾ ಕೊಡುತ್ತಿದ್ದೆ. ಎಣ್ಣೆಯ ಕೈ ಒರೆಸಲು ಮನೆಯಲ್ಲಿ ಇದ್ದದ್ದು ಮಗ್ಗದ ಚೂರುಪಾರು ರೇಷ್ಮೆ ನೂಲು. "ರೇಷ್ಮೇಲಿ ಆಯಿಲ್ ಒರೆಸೋ ಡ್ರೈವರು ಮೈಸೂರು ಮಹಾರಾಜರ ಮನೇಲೂ ಇರ್ಲಿಕ್ಕಿಲ್ಲ ಬಿಡಪ್ಪಾ" ಎಂದು ಬೀದಿಯವರು ಅವನನ್ನು ಆಡಿಕೊಳ್ಳುತ್ತಿದ್ದರು. ಸಂಜೆ ಕಾರು ತೊಳೆದ ಮೇಲೆ ನನ್ನನ್ನೂ ನಾಗನನ್ನೂ ಕೂರಿಸಿಕೊಂಡು ಊರಾಚೆಯ ಬಂಡೆಗಳ ತನಕ ಒಂದು ಸುತ್ತು ಹೊಡೆಸುತ್ತಿದ್ದ. ಬಿಸಿಲು ಕುಡಿದ ಸೀಟಿನ ಬಿಸಿ, ಕಿಟಕಿಯಿಂದ ನುಗ್ಗುವ ಸೀತಾಫಲದ ಗಿಡಗಳ ಒಗರು ಗಾಳಿ, ಮುಂದೆ ತೂಗಾಡುವ ನಿಂಬೆಹಣ್ಣು, ಇವೆಲ್ಲ ಈಗಲೂ ಕಣ್ಣು ಮುಚ್ಚಿದರೆ ಬರುತ್ತವೆ. ಆ ಹೊತ್ತಿನಲ್ಲಿ ಅವ್ವ ಎಲ್ಲಿರುತ್ತಿದ್ದಳು ಗೊತ್ತೆ? ಹಿಂದಿನ ಬೀದಿಯ ತಿಪ್ಪಕ್ಕನ ಮನೆಯಲ್ಲಿ, ಅವಳ ಮಗ್ಗಕ್ಕೆ ಕಂಡಿಕೆ ಸುತ್ತುತ್ತಿದ್ದಳು. ಸ್ವಂತ ಮಗ್ಗದ ಒಡತಿ ಇನ್ನೊಬ್ಬರ ಲಾಳಿಗೆ ನೂಲು ತುಂಬುವವಳಾದಳು. ತಿಪ್ಪಕ್ಕ ಪುಣ್ಯಾತ್ಗಿತ್ತಿ, ತಾನು ಊಟಕ್ಕೆ ಎದ್ದಾಗ "ನೀನೇ ನಾಕು ಎಳೆ ಹೊಡಿ ಅಕ್ಕಾ" ಎಂದು ಅವ್ವನನ್ನು ಮಗ್ಗಕ್ಕೆ ಕೂರಿಸುತ್ತಿದ್ದಳಂತೆ.

ಆಯುಧಪೂಜೆಯ ದಿನ ಅಪ್ಪ ಕಾರಿಗೆ ವಿಭೂತಿ ಬಳಿದು, ಹೂವಿನ ಹಾರ ಹಾಕಿ, ಚಕ್ರಕ್ಕೆ ನಿಂಬೆಹಣ್ಣು ಇಡುತ್ತಿದ್ದ. ಅವನ ಮಂಗಳಾರತಿ ಮುಗಿದ ಮೇಲೆ ಅವ್ವ ಬಂದು ಕಟ್ಟನ್ನು ಇಳಿಸಿ, ಹಳೆಯ ಬೇವಿನೆಲೆ ತೆಗೆದು ಹೊಸದು ಹಾಕಿ, ಕುಂಕುಮವಿಟ್ಟು ಮತ್ತೆ ಗೂಟಕ್ಕೇರಿಸುತ್ತಿದ್ದಳು. ಅಪ್ಪ ತಲೆ ಕೆರೆದುಕೊಂಡು, "ಬರೋ ವರ್ಷ ಖಂಡಿತ" ಎನ್ನುತ್ತಿದ್ದ. ಸುಳ್ಳುಗಾರನಲ್ಲ ಅವನು. ಒಂದು ವರ್ಷ ಎಂಜಿನ್ ಕೈಕೊಟ್ಟಿತು, ಒಂದು ವರ್ಷ ಜೇಜಿ ಹಾಸಿಗೆ ಹಿಡಿದಳು, ಆಮೇಲೆ ನನ್ನ ಮದುವೆ ಬಂತು. ಮುಪ್ಪಿನಲ್ಲಿ ಕಾರು ಓಡುವುದು ನಿಂತು ಕಲ್ಲುಗಳ ಮೇಲೆ ಕೂತಾಗ ನಾನೇ ಕೇಳಿದೆ, "ಇನ್ನಾದ್ರೂ ಇದನ್ನ ಹೊರಗೆ ಹಾಕಪ್ಪ, ಅವ್ವನ ಮಗ್ಗ ಇಳಿಸೋಣ." ಅಪ್ಪ ಕಾರಿನ ಬಾನೆಟ್ ಸವರುತ್ತ, "ಓಡೋ ಕಾರಾದ್ರೆ ಬೀದೀಲಿ ನಿಲ್ಲಿಸ್ಬೋದು ಗೌರಿ. ಓಡದೇ ಇರೋದನ್ನ ಎಲ್ಲಿ ನಿಲ್ಲಿಸ್ಲಿ?" ಎಂದ. ನನಗೆ ಅವನ ಮೇಲೆ ಸಿಟ್ಟೂ ಬಂತು, ಕನಿಕರವೂ ಬಂತು. ಅವನು ತೀರಿಕೊಂಡ ಮೇಲೆ ಕಾರು ಗುಜರಿಗೆ ಹೋಯಿತು, ಆ ವರ್ಷವೂ ಅವ್ವ ಬೇವಿನೆಲೆ ಬದಲಾಯಿಸಿದಳು. ಚಳ್ಳಕೆರೆಗೆ ಹೋದ ಮೇಲೂ, ಹಬ್ಬಕ್ಕೆ ಬಂದು ಬೀಗ ತೆಗೆದು ಅಷ್ಟು ಮಾಡಿಯೇ ಹೋಗುತ್ತಿದ್ದಳು. ಈಚೆಗೆ ಮಂಡಿನೋವಿನಿಂದ ಬರಲಾಗಿರಲಿಲ್ಲ.

ಶೆಡ್ಡು ಖಾಲಿ ಮಾಡುವುದು ಒಂದೇ ದಿನದ ಕೆಲಸವಾಯಿತು. ಬೋಳು ಟೈರುಗಳು, ಸತ್ತ ಬ್ಯಾಟರಿಗಳು, ಸೊಟ್ಟಗಾದ ಕ್ಯಾರಿಯರ್, ಅಪ್ಪನ ಖಾಕಿ ಅಂಗಿ. ಗುಜರಿಯ ಸಾಬರು ಒಂದೊಂದನ್ನೇ ಹೊರಗೆ ಒಯ್ಯುತ್ತ ಗೂಟದ ಕಡೆ ಕೈ ತೋರಿಸಿದರು. "ಅದರಾಗೆ ಏನೈತಮ್ಮಾ, ಮರಾನಾ?" "ಬೇಕಾದ್ರೆ ಶೆಡ್ಡನ್ನೇ ಹೊತ್ಕೊಂಡು ಹೋಗ್ರಿ ಭಾಯಿ, ಅದರ ತಂಟೆಗೆ ಬರಬ್ಯಾಡ್ರಿ" ಎಂದೆ. ಅಂಗಿಯನ್ನೂ ಕೊಡಲಿಲ್ಲ. ಗೋಡೆಗೆ ಸುಣ್ಣ ಹೊಡೆದು ಮುಗಿಯುವಷ್ಟರಲ್ಲಿ ಕಟ್ಟು ಮತ್ತು ಗುಂಡಿ ಎರಡೇ ಉಳಿದವು. ಗೋಡೆ ಅಷ್ಟು ಬೆಳ್ಳಗಿದ್ದದ್ದನ್ನು ನಾನು ಕಂಡದ್ದು ಅಂದೇ.

ಮರುದಿನ ಬೆಳಗ್ಗೆ ನಾಗ ಅವ್ವನನ್ನು ಕರೆತಂದ. ಅವಳು ತನ್ನ ಒಳ್ಳೆಯ ಸೀರೆ ಉಟ್ಟು, ಪುಟ್ಟ ಡಬ್ಬಿಯಲ್ಲಿ ಒಲೆಯ ಬೂದಿ ತಂದಿದ್ದಳು. ತಿಪ್ಪಕ್ಕನೂ ಕೈ ಒರೆಸಿಕೊಳ್ಳುತ್ತ ಬಂದಳು. ಗುಂಡಿ ತುಂಬಲು ಮಣ್ಣು ಹೇರಿಕೊಂಡು ಬಂದ ಟ್ರ್ಯಾಕ್ಟರ್ ಬೀದಿಯಲ್ಲಿ ಎಂಜಿನ್ ಆರಿಸದೆ ನಿಂತಿತ್ತು. ಅವ್ವ ಗುಂಡಿಯ ಅಂಚಿಗೆ ಕೂರುತ್ತೇನೆಂದಳು. ಗ್ರೀಸು ಮೆತ್ತುತ್ತದೆಂದು ನಾನು ಚಾಪೆ ತರಲು ಹೋದರೆ, "ಬಿಡೇ, ನನ್ನ ಜಾಗಕ್ಕೆ ನನಗೇನು ಚಾಪೆ" ಎಂದು ಕಾಲು ಇಳಿಬಿಟ್ಟು ಕೂತೇಬಿಟ್ಟಳು. ಕಟ್ಟು ಬಿಚ್ಚಿದಳು. ಬೇವಿನೆಲೆ ಪುಡಿಯಾಗಿ ಉದುರಿತು. ಒಳಗೆ ಎಳೆಗಳು ಅರಿಸಿನ ಬಣ್ಣಕ್ಕೆ ತಿರುಗಿದ್ದವು, ಇಲಿ ಮುಟ್ಟಿರಲಿಲ್ಲ, ಹುಳ ಹಿಡಿದಿರಲಿಲ್ಲ. ಅವ್ವನ ಮುಖ ಅರಳಿದ್ದನ್ನು ನಾನು ನೋಡಿದೆ. ತಿಪ್ಪಕ್ಕ ಒಂದೆಳೆಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಜಗ್ಗಿದಳು. ಅದು ಸದ್ದಿಲ್ಲದೆ ತುಂಡಾಯಿತು. ಇನ್ನೊಂದು ಹಿಡಿದಳು, ಅದೂ ಅಷ್ಟೇ. "ಅಕ್ಕಾ..." ಎಂದು ನಿಲ್ಲಿಸಿದಳು. ಅವ್ವ, "ನಿನ್ನ ಕೈ ಒರಟು, ತಾರೇ ಇಲ್ಲಿ" ಎಂದು ಬೂದಿ ಹಚ್ಚಿಕೊಂಡು, ತಿಪ್ಪಕ್ಕ ತಂದಿದ್ದ ಹೊಸ ಎಳೆಯೊಂದಿಗೆ ತಾನೇ ಹೊಸೆಯಲು ನೋಡಿದಳು. ಹೊಸ ಎಳೆ ತಿರುಚಿಕೊಂಡಿತು, ಹಳೆಯದು ಹಿಟ್ಟಾಯಿತು. ಮತ್ತೊಂದು. ಮತ್ತೊಂದು. ಕೊನೆಗೆ ತಿಪ್ಪಕ್ಕ ಅವಳ ಕೈ ಹಿಡಿದುಕೊಂಡು, "ಸಾಕಕ್ಕಾ. ಜೀವ ಇಲ್ಲ ಇದರಾಗೆ" ಎಂದು ಅತ್ತುಬಿಟ್ಟಳು. ನಾನೂ ಅತ್ತೆ. ನಾಗ ಗೋಡೆಯ ಕಡೆ ತಿರುಗಿ ನಿಂತ.

ಅವ್ವ ಅಳಲಿಲ್ಲ. ಅಚ್ಚನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ ಮೊದಲ ಗಂಟಿನ ತುದಿ ಹುಡುಕಿ ಎಳೆದಳು. ಜಾರುಗಂಟು. ಅಷ್ಟು ವರ್ಷದ ಮೇಲೂ, ನಿನ್ನೆ ಹಾಕಿದ್ದೆಂಬಂತೆ ಒಂದೇ ಎಳೆತಕ್ಕೆ ಬಿಚ್ಚಿಕೊಂಡಿತು. ಎಳೆಗಳು ಹಣಿಗೆಯಿಂದ ಜಾರಿ, ಕೆಲವು ಮುರಿದು, ಅಪ್ಪನ ಗ್ರೀಸು ಕಪ್ಪುಗಟ್ಟಿದ ಗುಂಡಿಯೊಳಕ್ಕೆ ಬಿದ್ದವು. ಅವ್ವ ಎರಡನೆಯ ಗಂಟು ಎಳೆದಳು, ಮೂರನೆಯದು ಎಳೆದಳು, ಯಾವುದೂ ಹಟ ಮಾಡಲಿಲ್ಲ. ಕೊನೆಯ ಗಂಟಿಗೆ ಬಂದಳು. "ಅತ್ತೇ, ನಿನ್ನ ಎಳೆ ಇಲ್ಲಿಗೆ ಮುಗೀತು ನೋಡವ್ವ" ಎಂದು ಅದನ್ನೂ ಎಳೆದಳು. ಖಾಲಿ ಹಣಿಗೆಯನ್ನು ತಿಪ್ಪಕ್ಕನ ಕೈಗೆ ಕೊಟ್ಟಳು. ನಾನು ಎತ್ತಿಟ್ಟಿದ್ದ ಅಪ್ಪನ ಖಾಕಿ ಅಂಗಿಯನ್ನು ಕೇಳಿ ಇಸಿದುಕೊಂಡು, ಮಡಿಸಿ, ಆ ಎಳೆಗಳ ಮೇಲೆ ಹಾಸಿದಳು.

ಹೊರಗೆ ಟ್ರ್ಯಾಕ್ಟರಿನವನು ತಡೆಯಲಾರದೆ ಕೂಗಿದ, "ಆತೇನ್ರೀ? ಒಳಗೆ ತಗೊಳ್ಲಾ?" ನಾವು ಮೂವರೂ ಅವ್ವನ ಮುಖ ನೋಡಿದೆವು. ಅವಳು ಬಾಗಿಲ ಕಡೆ ತಿರುಗಲಿಲ್ಲ. ಗುಂಡಿಯ ಒಳಗಿನ ಅಂಗಿಯನ್ನೇ ನೋಡುತ್ತ, ಮನೆಗೆ ಬಂದ ಗಂಡನೊಡನೆ ಮಾತಾಡುವ ದನಿಯಲ್ಲಿ ಹೇಳಿದಳು.

"ಅವತ್ತು ಕೇಳಿದ್ರಿ, ನಾನು ಹೇಳ್ಲಿಲ್ಲ. ಈಗ ಆತು ಬಿಡ್ರಿ. ಕಾರು ಒಳಗೆ ತಗೊಂಡು ಬರ್ರಿ."