ಮಳೆಗಾಲದಲ್ಲಿ ಇಲ್ಲದ ದಾರಿ

ಮಕ್ಕಳೇ, ನಿಮ್ಮ ಮುತ್ಯಾ, ನನ್ನ ಯಜಮಾನರು, ಪಾರ್ಟಿಯಲ್ಲಿ ಏನಾಗಿದ್ದರು ಎಂದು ಕೇಳುತ್ತೀರಿ. ಏನೂ ಆಗಿರಲಿಲ್ಲ. ಬಾವುಟ ಕಟ್ಟುವವರು, ಸಭೆಗೆ ಜನ ಕೂಡಿಸುವವರು, ಓಟಿನ ದಿನ ಮುದುಕರನ್ನು ಕೈಹಿಡಿದು ಕರೆತರುವವರು ಅವರೇ. ಅದಕ್ಕೆಲ್ಲ ಬದಲಾಗಿ ಅವರು ಕೇಳಿದ್ದು ಒಂದೇ, ನಮ್ಮ ಓಣಿಯಿಂದ ಸುಡುಗಾಡಿಗೆ ಒಂದು ದಾರಿ.

ಜೇವರ್ಗಿ ತಾಲೂಕಿನ ನಮ್ಮ ಊರು ಎರೆಮಣ್ಣಿನ ಊರು. ನಮ್ಮ ಓಣಿಯವರ ಸುಡುಗಾಡು ಗೌಡರ ಹೊಲದ ಆಚೆಗಿದೆ. ಬೇಸಿಗೆಯಲ್ಲಿ ಹೊಲ ಬರಿದಾಗಿರುತ್ತದೆ, ಜನ ನಡೆದು ನಡೆದು ತಾನಾಗಿಯೇ ದಾರಿ ಬೀಳುತ್ತದೆ. ಮಳೆ ಬಿದ್ದೊಡನೆ ಗೌಡರ ಆಳುಗಳು ಅದರ ಮೇಲೆಯೇ ಹರಗಿ ತೊಗರಿ ಬಿತ್ತುತ್ತಾರೆ. ಅಲ್ಲಿಂದ ಬೆಳೆ ಕೊಯ್ದು ರಾಶಿಯಾಗುವವರೆಗೆ ಸತ್ತವರನ್ನು ಹಳ್ಳಕ್ಕೆ ಇಳಿಸಿ, ಸುತ್ತುಹಾಕಿಕೊಂಡು ಒಯ್ಯಬೇಕು. ಬೇಸಿಗೆಯಲ್ಲಿ ಸತ್ತವರು ಪುಣ್ಯವಂತರು ಎಂಬ ಮಾತು ನಮ್ಮ ಓಣಿಯಲ್ಲಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಅದು ಅರ್ಥವಾಗುತ್ತಿರಲಿಲ್ಲ.

ನಾನು ಊರ ಶಾಲೆಯಲ್ಲಿ ನಾಲ್ಕು ಅಕ್ಷರ ಕಲಿತವಳು. ಪರ ಗಂಡಸರೆದುರು ಬಾಯಿ ಬಿಟ್ಟವಳಲ್ಲ. ಆದರೂ ಇವರು ನನ್ನನ್ನು ಹೊರಗೆ ಎಳೆದರು.

"ನೀ ಮಾತಾಡಬ್ಯಾಡ ಬೇ, ಸುಮ್ಮನ ನಿಂದರು. ನಿನ್ನ ಮಾರಿ ನೋಡಿ ನಾಕು ಹೆಣ್ಮಕ್ಕಳು ಬರ್ತಾರ."

ಹಾಗೆ ಮನೆ ಮನೆಗೆ ಹೋಗತೊಡಗಿದೆ. ಜೊತೆಗೆ ಎದುರುಮನೆಯ ಅಕ್ಕ ಇರುತ್ತಿದ್ದಳು, ಅವಳ ಬಾಯಿಗೆ ಊರೇ ಹೆದರುತ್ತಿತ್ತು. ನಾನು ಸೆರಗು ಹೊದ್ದು ಬಾಗಿಲಲ್ಲೇ ನಿಲ್ಲುವೆ. ಅವಳು ಒಳಗೆ ನುಗ್ಗಿ, "ನಾವು ಸಾಯಂಗಿಲ್ಲ ಅನ್ನೋರು ಮನ್ಯಾಗ ಕೂಡ್ರಿ, ಉಳದೋರು ಹೊರಗ ಬರ್ರಿ!" ಎಂದು ಕೂಗುವಳು. ನಗುತ್ತ ಬರುತ್ತಿದ್ದರು.

ಓಟು ಕೇಳಲು ಪಾರ್ಟಿಯ ಸಾಹೇಬರು ಬಂದದ್ದು ಸುಡುಬೇಸಿಗೆಯಲ್ಲಿ. ಇವರು ಅವರನ್ನು ಹೊಲದತನಕ ಕರೆದುಕೊಂಡು ಹೋದರು, ನಾವು ಹೆಂಗಸರೂ ಹಿಂದೆ ಹೋದೆವು. ಬಿಸಿಲಿಗೆ ದಾರಿ ಬೆಳ್ಳಗೆ ಹೊಳೆಯುತ್ತಿತ್ತು, ಬಂಡಿ ಹೋಗುವಷ್ಟು ಅಗಲ.

"ದಾರಿ ಇಲ್ಲೇ ಅದಲ್ಲೋ ತಮ್ಮಾ!"

"ಮಳ್ಯಾಗ ಇರಂಗಿಲ್ರಿ ಸಾಹೇಬ್ರ."

"ದಾರಿ ಏನು ಸಕ್ಕರಿ ಏನೋ, ಮಳ್ಯಾಗ ಕರಗಾಕ?"

ಎಲ್ಲರೂ ನಕ್ಕರು. ಅದೇ ಪಾರ್ಟಿಯ ಗೌಡರು ಪಕ್ಕದಲ್ಲೇ ನಿಂತಿದ್ದರು, ಅವರೂ ನಕ್ಕರು. ಇವರು ಕೂಡ ನಕ್ಕರು. ಇವರ ಆ ನಗೆ ನನಗೆ ಸೇರಲಿಲ್ಲ.

ಜೇವರ್ಗಿಯ ತಾಲೂಕು ಆಫೀಸಿಗೂ ನಾವು ಹೋದದ್ದು ಬೇಸಿಗೆಯಲ್ಲೇ. ಮಳೆಗಾಲದಲ್ಲಿ ಕಳೆ ತೆಗೆಯುವ ಕೂಲಿ ಬಿಟ್ಟು ಯಾವ ಹೆಣ್ಣುಮಗಳು ಬರುತ್ತಾಳೆ? ನೋಡಲು ಬಂದ ಅಧಿಕಾರಿಯೂ ಬರಿಹೊಲದಲ್ಲಿ ಆರಾಮವಾಗಿ ಅಡ್ಡಾಡಿ, ದಾರಿ ಇದೆ ಎಂದು ಬರೆದುಕೊಂಡು ಹೋದರು.

ಶ್ರಾವಣದ ಒಂದು ಮುಂಜಾನೆ ಇವರು ಎದೆ ಹಿಡಿದುಕೊಂಡು ಅಂಗಳದಲ್ಲಿ ಕುಳಿತರು. ಮತ್ತೆ ಏಳಲಿಲ್ಲ.

ಪಾರ್ಟಿಯವರು ಬಾವುಟ ತಂದು ಹೊದಿಸಿದರು. ಹೊಲದಲ್ಲಿ ತೊಗರಿ ಸೊಂಟದೆತ್ತರ ನಿಂತಿತ್ತು. ಫೋನ್ ಹಿಡಿದಿದ್ದ ಕಾರ್ಯಕರ್ತನೊಬ್ಬ, "ಸಾಹೇಬ್ರು ಹೊಂಟಾರ. ಬಂದು ಗೌಡರಿಗಿ ಒಂದು ಮಾತು ಹೇಳಿದ್ರ ಹೊಲದಾಗ ದಾರಿ ಬಿಡ್ತಾರ. ತುಸು ತಡೀರಿ," ಎಂದ. ತಡೆದೆವು. ನಮ್ಮ ಪದ್ಧತಿಯಂತೆ ಇವರನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಮಳೆ ಹಿಡಿಯಿತು. ಕೇಳಿದಾಗೊಮ್ಮೆ "ಹೊಂಟಾರ" ಎನ್ನುತ್ತಿದ್ದ. ನಾನೂ ಪ್ರತಿ ಗಾಡಿಯ ಸಪ್ಪಳಕ್ಕೆ ತಲೆ ಎತ್ತುತ್ತಿದ್ದೆ.

ಕೊನೆಗೆ ಓಣಿಯ ಹಿರಿಯರೇ ಎದ್ದರು. "ಹಳ್ಳ ಏರಾಕತ್ತದ. ಇನ್ನ ಕುಂತ್ರ ಅದೂ ದಾರಿ ಇಲ್ಲ. ಎತ್ತ್ರಪ್ಪಾ."

ನಮ್ಮಲ್ಲಿ ಹೆಂಗಸರು ಮಣ್ಣು ಕೊಡಲು ಸುಡುಗಾಡಿಗೆ ಹೋಗುವುದಿಲ್ಲ. ಓಣಿಯ ಕೊನೆಯ ಜಾಲಿಮರದ ಕೆಳಗೆ ನಿಂತು ನೋಡಿದೆ. ಹಳ್ಳದ ನಡುವೆ ಹೊತ್ತವರಲ್ಲೊಬ್ಬನ ಕಾಲು ಜಾರಿತು. "ಹಿಡೀರಲೇ, ಹಿಡೀರಿ!" ಎಂದು ಕೂಗಿಕೊಂಡರು. ಸಾವರಿಸಿಕೊಳ್ಳುವಷ್ಟರಲ್ಲಿ ಇವರ ಕಾಲುಗಳು ರಾಡಿನೀರಿನಲ್ಲಿ ಮುಳುಗಿದವು. ಅಕ್ಕ ನನ್ನ ಕಣ್ಣಿಗೆ ತನ್ನ ಸೆರಗು ಅಡ್ಡ ಹಿಡಿದಳು. ಆದರೆ ನಾನು ನೋಡಿಬಿಟ್ಟಿದ್ದೆ.

ಆ ಮಳೆಗಾಲ ಮುಗಿಯುವ ಮೊದಲೇ ಅಕ್ಕನನ್ನು ಕರೆದುಕೊಂಡು ಜೇವರ್ಗಿಗೆ ಹೋದೆ. ಅಲ್ಲಿ ಬೇರೆ ಅಧಿಕಾರಿ ಬಂದಿದ್ದರು. ಅಕ್ಕ ಮಾತು ತೆಗೆಯುವ ಮೊದಲು ನಾನೇ ಹೇಳಿದೆ: "ಸಾಹೇಬ್ರ, ಈಗ ಬರ್ರಿ. ಬೇಸಗ್ಯಾಗ ಬರಬ್ಯಾಡ್ರಿ." ಅವರು ಬಂದರು. ಬೂಟು ಹಾಕಿಕೊಂಡು ಹೊಲಕ್ಕೆ ಇಳಿದವರು ಬೂಟು ಕೈಯಲ್ಲಿ ಹಿಡಿದು ಹೊರಬಂದರು. ರಾಶಿಯಾದ ಮೇಲೆ ಅಳತೆಯಾಯಿತು, ಗೌಡರು ಒಂದು ಬದಿಗೆ ಜಾಗ ಬಿಟ್ಟರು, ದಾರಿಗೆ ಕೆಂಪು ಮುರುಮಿನ ಮಣ್ಣು ಬಿತ್ತು.

ದಾರಿ ಉದ್ಘಾಟನೆಗೆ ಸಾಹೇಬರು ಬಂದರು. ಓಣಿಯವರು ನನ್ನನ್ನು ಮುಂದೆ ನೂಕಿದರು. ಸಾಹೇಬರು ಗುರುತು ಹಿಡಿದು ಕೈಮುಗಿದರು.

"ಆರಾಮ ಅದೀರೇನವ್ವಾ? ನಿಮ್ಮ ಯಜಮಾನ್ರು ಕಾಣವಲ್ರಲ್ಲ, ಎಲ್ಲ್ಯಾರ? ಕರೀರಿ, ಫೋಟೋದಾಗ ಅವರು ಬೇಕೇ ಬೇಕು."

ಅಂದು ಫೋನ್ ಹಿಡಿದಿದ್ದ ಕಾರ್ಯಕರ್ತ ನೆಲ ನೋಡುತ್ತಿದ್ದ. ಅಕ್ಕ ಮುಂದೆ ಬಂದಳು.

"ಇದೇ ದಾರೀಲೆ ಸೀದಾ ಹೋಗ್ರಿ ಸಾಹೇಬ್ರ. ತುದಿಗಿ ಅದಾರ. ನಿಮ್ಮ ಹಾದಿನೇ ನೋಡಾಕತ್ತಾರ."

ನಾನು ಮನೆಗೆ ಬಂದು ಬಾಗಿಲು ಹಾಕಿಕೊಂಡೆ. ಗೊತ್ತಿದ್ದೂ ಬರಲಿಲ್ಲವಲ್ಲ ಎಂದು ಅಲ್ಲಿಯವರೆಗೆ ಆ ಮನುಷ್ಯನ ಮೇಲೆ ಸಿಟ್ಟು ಇಟ್ಟುಕೊಂಡು ದಿನ ನೂಕಿದ್ದೆ. ಸಿಟ್ಟಿದ್ದರೆ ಬದುಕಬಹುದು, ಮಕ್ಕಳೇ. ಅಂದು ಅದೂ ಹೋಯಿತು. ಅವರಿಗೆ ಯಾರೂ ಹೇಳಿರಲಿಲ್ಲವೋ, ಹೇಳಿದ್ದು ಅವರಿಗೆ ನೆನಪೇ ಉಳಿಯಲಿಲ್ಲವೋ, ಇಂದಿಗೂ ನನಗೆ ಗೊತ್ತಿಲ್ಲ. ಕೇಳಲೂ ಇಲ್ಲ. ಹೊಂಟಿರದ ಮನುಷ್ಯನಿಗಾಗಿ ನಿಮ್ಮ ಮುತ್ಯಾನನ್ನು ಅಷ್ಟು ಹೊತ್ತು ಕೂಡಿಸಿಕೊಂಡಿದ್ದೆವು, ಅಷ್ಟರಲ್ಲಿ ಹಳ್ಳ ಏರುತ್ತಿತ್ತು.