ಕ್ಲಾರಿಯೊನೆಟ್ ಕೇಳಲು ತಿಪಟೂರಿಗೆ

ಮಾಯಸಂದ್ರದಲ್ಲಿ ನಾವಿಬ್ಬರೂ ಬಸ್ಸು ಹತ್ತಿದ ಕೂಡಲೇ ಕಂಡಕ್ಟರು, "ಏನಣ್ಣ, ಗಿರಣಿ ಬುಟ್ಟು ಜೋಡಿಯಾಗಿ ಹೊಂಟುಬುಟ್ರಿ?" ಎಂದು ನಮ್ಮ ಯಜಮಾನರನ್ನು ಕೇಳಿದ. ಅವರಿಗೆ ಅದು ಕೇಳಿಸಲಿಲ್ಲ. "ತಿಪಟೂರಿಗೆ ಕಣಪ್ಪ, ಬ್ಯಾಂಡು ಕೇಳೋಕೆ," ಎಂದು ನಾನೇ ಹೇಳಿದೆ. "ಅದಕ್ಕೆ ಅಷ್ಟು ದೂರವಾ!" ಎಂದು ನಗುತ್ತಾ ತುರುವೇಕೆರೆಗೆ ಎರಡು ಟಿಕೆಟ್ ಹರಿದುಕೊಟ್ಟು ಮುಂದೆ ಹೋದ. ಪುಷ್ಯ ಮಾಸದ ಚಳಿ. ತೋಟಗಳೊಳಗೆ ಮಂಜು ಇನ್ನೂ ಎದ್ದಿರಲಿಲ್ಲ. ಬಸ್ಸಿನ ಕಿಟಕಿಗೆ ಗಾಜಿರಲಿಲ್ಲ, ನಾನು ಸೆರಗನ್ನು ತಲೆಗೆ ಸುತ್ತಿಕೊಂಡೆ. ಅವರ ಮಫ್ಲರ್ ಸರಿಮಾಡಲು ಹೋದರೆ, "ಕಿವಿ ಮುಚ್ಚಬೇಡ ಕಣೇ," ಎಂದು ಕೈ ತಳ್ಳಿದರು.

ನಮ್ಮದು ಹಿಟ್ಟಿನ ಗಿರಣಿ. ರಾಗಿ, ಅಕ್ಕಿ, ಮೆಣಸಿನಕಾಯಿ, ಏನು ತಂದರೂ ಬೀಸಿಕೊಡುತ್ತೇವೆ. ಯಜಮಾನರು ಮೀಸೆ ಬರುವ ಮುಂಚಿನಿಂದ ಆ ಬೆಲ್ಟಿನ ಪಕ್ಕದಲ್ಲೇ ನಿಂತವರು. ಆ ಸದ್ದಿನಲ್ಲಿ ಮಾತಾಡಿ ಮಾತಾಡಿ ನಮ್ಮ ಮನೆಯಲ್ಲಿ ಎಲ್ಲರದ್ದೂ ಗಟ್ಟಿ ಗಂಟಲು. ಹಿಂದಿನ ದೀಪಾವಳಿ ಹೊತ್ತಿಗೆ ಕರೆದರೂ ಓಗೊಡದಾದರು. ತುಮಕೂರಿಗೆ ಕರೆದುಕೊಂಡು ಹೋದೆ. ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. "ಗಿರಣಿ ಬಿಡಿ. ಹೋದದ್ದು ಬರಲ್ಲ, ಇರೋದೂ ಬಹಳ ವರ್ಷ ಉಳಿಯಲ್ಲ. ಮೊದಲು ಸ್ವರ ಒಡೆದಂಗೆ ಕೇಳಿಸುತ್ತೆ, ಒಂದು ಎರಡಾಗುತ್ತೆ. ಆಮೇಲೆ ಮಾತೂ ಅಷ್ಟೇ," ಎಂದರು. ಗಿರಣಿಯನ್ನು ಮೈದುನನ ಕೈಗೆ ಕೊಟ್ಟೆವು. ಅವತ್ತಿನಿಂದ ಇವರಿಗೆ ಒಂದೇ ಧ್ಯಾನ, ಸ್ವರ ಒಡೆಯಿತೋ ಇಲ್ಲವೋ.

ಇವರಿಗೆ ಇದ್ದ ಒಂದೇ ಚಟವೆಂದರೆ ಮೈಸೂರು ಕಡೆಯ ಒಂದು ಬ್ಯಾಂಡು. ಅದರ ಹೆಸರು ಬೇಡ. ಮೊದಲು ರೇಡಿಯೋದಲ್ಲಿ ಕೇಳುತ್ತಿದ್ದರು, ಆಮೇಲೆ ಟೇಪ್‌ರೆಕಾರ್ಡರು ತಂದು ಕ್ಯಾಸೆಟ್ಟು ಹಾಕಿದರು. ಹಾಡುವವರ ಮೇಲೆ ಅವರಿಗೆ ಅಷ್ಟೇನೂ ಮನಸ್ಸಿಲ್ಲ. ಹಾಡಿನ ನಡುನಡುವೆ ಒಂದು ಕ್ಲಾರಿಯೊನೆಟ್ ಬರುತ್ತದಲ್ಲ, ಅದಕ್ಕೆ ಪ್ರಾಣ ಬಿಡುತ್ತಿದ್ದರು. ಅದು ಬಂದಾಗ ಮನೆಯಲ್ಲಿ ಯಾರೂ ಉಸಿರೆತ್ತುವಂತಿರಲಿಲ್ಲ. ಆ ಬ್ಯಾಂಡು ತಿಪಟೂರಿಗೆ ಬರುತ್ತದೆಂದು ನನ್ನ ತಂಗಿ ಗಿರಿಜ ಹೇಳಿಕಳಿಸಿದಾಗ ಇವರು ಊಟದ ತಟ್ಟೆ ಬಿಟ್ಟು ಎದ್ದರು. "ಪೆಟ್ಟಿಗೆ ಒಳಗಿಂದು ಸಾಕು. ಮನುಷ್ಯ ಎದುರಿಗೆ ನಿಂತು ಊದೋದನ್ನ ಒಂದ್ಸಲ ಕೇಳ್ಬೇಕು ಕಣೇ, ಕಿವಿ ಇರೋವಾಗ," ಎಂದರು. ಜನ ಕಾಶಿ ರಾಮೇಶ್ವರಕ್ಕೆ ಹೋಗಿ ಬಂದು ಪುಟಗಟ್ಟಲೆ ಬರೆಯುತ್ತಾರೆ. ನಮ್ಮ ಯಾತ್ರೆ ಇಷ್ಟೇ, ಮಾಯಸಂದ್ರದಿಂದ ತಿಪಟೂರು.

ತುರುವೇಕೆರೆಯಲ್ಲಿ ಬಸ್ಸು ಬದಲಾಯಿಸಬೇಕಿತ್ತು. ತಿಪಟೂರಿನ ಬಸ್ಸು ಬಹಳ ಹೊತ್ತು ಬರಲಿಲ್ಲ. ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿದೆವು, ನೀರು ನೀರು. ಬಂದ ಬಸ್ಸಿನಲ್ಲಿ ಕಾಯಿ ಮೂಟೆಗಳ ಜೊತೆ ನಮಗೂ ಸ್ವಲ್ಪ ಜಾಗ ಸಿಕ್ಕಿತು. ನೊಣವಿನಕೆರೆ ದಾಟುವವರೆಗೂ ನಾನು ಮೂಟೆಯ ಮೇಲೆ ಕೂತಿದ್ದೆ, ಇವರು ಕಂಬಿ ಹಿಡಿದು ನಿಂತಿದ್ದರು. ದಾರಿಯುದ್ದಕ್ಕೂ ಎರಡೂ ಕಡೆ ತೆಂಗು, ಬೇರೆ ನೋಡುವಂಥದ್ದು ಏನಿಲ್ಲ. ಇವರು ಬಾಯೊಳಗೇ ಆ ಕ್ಲಾರಿಯೊನೆಟ್ಟಿನ ರಾಗ ಗುನುಗುತ್ತಿದ್ದರು. ಪಕ್ಕದಲ್ಲಿದ್ದ ಅಜ್ಜಿ, "ಯಾಕವ್ವ, ನಿನ್ನ ಗಂಡನಿಗೆ ಚಳಿಯಾ?" ಎಂದಳು.

ಮಧ್ಯಾಹ್ನದ ಹೊತ್ತಿಗೆ ತಿಪಟೂರು. ತಂಗಿಯ ಮನೆಯವರು ಕೊಬ್ಬರಿ ವ್ಯಾಪಾರಸ್ಥರು, ಬಾಗಿಲಲ್ಲೇ ಕೊಬ್ಬರಿ ವಾಸನೆ. ಅವಳ ಗಂಡ ರುದ್ರೇಶ ಒಳ್ಳೆಯ ಹುಡುಗ, ಆದರೆ ಯಾವುದನ್ನೂ ಚೆನ್ನಾಗಿಲ್ಲ ಎಂದು ಹೇಳಿದವನಲ್ಲ. ಅವರೆಕಾಳು ಸಾರು ಮುದ್ದೆ ಉಂಡ ಮೇಲೆ ಇವರನ್ನು ಅಟ್ಟಕ್ಕೆ ಕರೆದುಕೊಂಡು ಹೋದ. ನಮ್ಮ ಕಡೆ ಕಾಯನ್ನು ಸಿಪ್ಪೆಯ ಸಮೇತ ವರ್ಷದ ಹತ್ತಿರ ಅಟ್ಟದಲ್ಲಿ ಇಡುತ್ತಾರೆ. ಒಳಗೆ ನೀರೆಲ್ಲ ಇಂಗಿ ಕೊಬ್ಬರಿ ಚಿಪ್ಪು ಬಿಟ್ಟಮೇಲೆ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಆಡುತ್ತದೆ. ಆಡಿದರೆ ಸುಲಿಯಬಹುದು, ಆಡದಿದ್ದರೆ ಇನ್ನೂ ಕಾಯಬೇಕು. ರುದ್ರೇಶ ಒಂದನ್ನು ಇವರ ಕೈಗಿಟ್ಟ. ಇವರು ಅಲ್ಲಾಡಿಸಿ, ನನ್ನ ಕಡೆ ತಿರುಗಿ, "ಆಡ್ತೈತೆ!" ಎಂದು ಮಗುವಿನ ಹಾಗೆ ನಕ್ಕರು. ನನಗೆ ಕಣ್ಣು ತುಂಬಿ ಬಂತು, ಅಟ್ಟದ ಧೂಳೆಂದು ಒರೆಸಿಕೊಂಡೆ.

ಸಂಜೆ ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ಚಿಕ್ಕನಾಯಕನಹಳ್ಳಿ ಕಡೆಯಿಂದ ಲಾರಿಗಳಲ್ಲಿ ಜನ ಬಂದಿದ್ದರು. ರುದ್ರೇಶ ಮುಂದಿನ ಸಾಲಿನ ಟಿಕೆಟ್ ತಂದಿದ್ದ. ಬಹಳ ಹೊತ್ತು ಕಾಯಿಸಿ ಬ್ಯಾಂಡಿನವರು ಬಂದರು. ಕ್ಲಾರಿಯೊನೆಟ್ಟಿನವರು ವಯಸ್ಸಾದ, ಸಣಕಲು ಮನುಷ್ಯ. ಇವರು ಅವರನ್ನು ನೋಡಿದ ಕೂಡಲೇ ಎದ್ದು ನಿಂತು ಕೈಮುಗಿದರು. ಆ ಮನುಷ್ಯ ನೋಡಲೇ ಇಲ್ಲ.

ಇನ್ನು ಆ ಕಛೇರಿಯ ಭಾಗ್ಯ ಏನು ಹೇಳಲಿ! ಮೈಕು ಕಿರ್ರೋ ಎನ್ನುತ್ತಿತ್ತು. ಹಾಡುವವಳು ಎರಡನೇ ನುಡಿ ಮರೆತು ಮೊದಲನೆಯದನ್ನೇ ಮತ್ತೆ ಹಾಡಿದಳು. ಡ್ರಮ್ಮಿನವನು ಯಾರ ಮೇಲೋ ಸಿಟ್ಟಿದ್ದವನಂತೆ ಬಡಿಯುತ್ತಿದ್ದ. ಕ್ಲಾರಿಯೊನೆಟ್ ಒಂದು ಕಡೆ, ಅಕಾರ್ಡಿಯನ್ನು ಇನ್ನೊಂದು ಕಡೆ, ಒಂದರ ಕೈ ಒಂದು ಹಿಡಿಯಲೇ ಇಲ್ಲ. ನನಗೇನು ಸಂಗೀತ ಬರುತ್ತದೆ? ಆದರೂ ಆ ಕ್ಯಾಸೆಟ್ಟನ್ನು ಮನೆಯಲ್ಲಿ ದಿನಾ ಕೇಳಿದವಳು, ಇದು ಅದಲ್ಲ ಎಂದು ಗೊತ್ತಾಗದೆ ಇರುತ್ತದೆಯೇ! ಇವರು ನನ್ನ ಕೈ ಹಿಡಿದುಕೊಂಡರು, ಕೈ ತಣ್ಣಗಿತ್ತು. "ಲೇ, ನನಗೆ ಸ್ವರ ಎರಡೆರಡು ಕೇಳುಸ್ತಾ ಐತೆ. ನಿಂಗೂ ಹಂಗೇನಾ?" ಎಂದರು. "ಹೂಂ ಕಣ್ರೀ, ನನಗೂ ಹಂಗೇ. ಅವರೇ ಸರಿಯಾಗಿ ನುಡಿಸ್ತಿಲ್ಲ," ಎಂದೆ. ಅಷ್ಟರಲ್ಲಿ ರುದ್ರೇಶ ಆ ಕಡೆಯಿಂದ ಬಗ್ಗಿ, "ಏನು ನುಡಿಸ್ತಾರೆ ಅಲ್ವಾ ಅಣ್ಣ! ಬಹಳ ಚೆನ್ನಾಗಿದೆ!" ಎಂದು ಕೂಗಿದ. ಸುತ್ತ ಜನ ಚಪ್ಪಾಳೆ ತಟ್ಟಿದರು, ಸಿಳ್ಳೆ ಹಾಕಿದರು. ಚಳಿಯಲ್ಲಿ ಅಷ್ಟು ಹೊತ್ತು ಕಾದ ಜನ, ಏನು ಕೊಟ್ಟರೂ ತಟ್ಟುತ್ತಿದ್ದರು. ಇವರು ನನ್ನ ಕೈ ಬಿಟ್ಟರು. ಆಮೇಲೆ ಕಛೇರಿ ಮುಗಿಯುವವರೆಗೂ ನೆಲ ನೋಡುತ್ತಾ ಕೂತರು.

ಮನೆಗೆ ನಡೆದು ಬರುವಾಗ, "ಮುಗೀತು ಬುಡು," ಎಂದರು, ಅಷ್ಟೇ. ನಾನು ದಾರಿಯುದ್ದ ಹೇಳಿದೆ, ಆಣೆ ಇಟ್ಟೆ, ರುದ್ರೇಶನ ಮೇಲೆ ರೇಗಿದೆ. "ಅತ್ತಿಗೆ, ನನಗೇನು ಗೊತ್ತು, ನನಗೆ ಎಲ್ಲಾ ಚೆನ್ನಾಗೇ ಕೇಳ್ಸುತ್ತೆ," ಎಂದು ಅವನು ಪೆಚ್ಚಾದ. ಹೆಂಡತಿಯ ಮಾತು ಸಮಾಧಾನದ ಮಾತು ಎಂದು ಇವರು ನಿಶ್ಚಯ ಮಾಡಿಕೊಂಡಿದ್ದರು. ಕೆಟ್ಟ ಕಛೇರಿಗೆ ನಾನು ಹೊಟ್ಟೆ ಉರಿದುಕೊಳ್ಳಲಿಲ್ಲ. ಅದನ್ನು ಇವರು ತಮ್ಮ ತಲೆಯ ಮೇಲೆ ಹಾಕಿಕೊಂಡದ್ದಕ್ಕೆ ಉರಿದುಹೋದೆ.

ಬೆಳಿಗ್ಗೆ ಎದ್ದು ನೋಡಿದರೆ ಇವರಿಲ್ಲ. ಅಟ್ಟ ಹತ್ತಿದೆ. ಒಂದು ಮೂಲೆಯ ರಾಶಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು, ಒಂದೊಂದೇ ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ ಪಕ್ಕಕ್ಕೆ ಇಡುತ್ತಿದ್ದರು. "ಇದೂ ಆಡ್ತಿಲ್ಲ. ಇದೂ ಆಡ್ತಿಲ್ಲ. ನಿನ್ನೆ ಆಡ್ತಿತ್ತಲ್ಲೇ!" ನಾನು ಕಿತ್ತುಕೊಂಡು ಅಲ್ಲಾಡಿಸಿದೆ. ನನಗೂ ಏನೂ ಕೇಳಿಸಲಿಲ್ಲ. ಗಿರಿಜ ಕೆಳಗಿನಿಂದ ಏಣಿ ಹಿಡಿದು, "ಭಾವ, ಆ ರಾಶಿ ಇನ್ನೂ ಒಣಗಿಲ್ಲ, ಒಳಗೆ ಚಿಪ್ಪಿಗೆ ಅಂಟ್ಕೊಂಡೇ ಐತೆ. ಇನ್ನೂ ಎರಡು ತಿಂಗಳು ಬೇಕು. ನಿನ್ನೆ ನೋಡಿದ್ದು ಆ ಕಡೇದು!" ಎಂದು ಕೂಗಿ ಹೇಳಿದಳು. "ಅಕ್ಕ ತಂಗಿ ಒಂದಾಗಿದೀರ," ಎಂದು ಇಳಿದು ಬಂದು ಚೀಲ ತೆಗೆದುಕೊಂಡರು. ಆ ಕಡೆಯ ರಾಶಿಯಿಂದ ಒಂದು ತಂದು ಕೊಡುತ್ತೇನೆ ಎಂದರೂ ನಿಲ್ಲಲಿಲ್ಲ. ಅದೂ ಆಡದೆ ಹೋದರೆ ಎಂಬ ಭಯ ಅವರಿಗೆ, ನನಗೆ ಗೊತ್ತು.

ತುರುವೇಕೆರೆಯ ನೇರ ಬಸ್ಸು ತಪ್ಪಿತು. ಬೆಂಗಳೂರು ರಸ್ತೆಯ ಬಸ್ಸು ಹಿಡಿದು ಕಿಬ್ಬನಹಳ್ಳಿ ಕ್ರಾಸಿನಲ್ಲಿ ಇಳಿದೆವು, ಅಲ್ಲಿಂದ ತುರುವೇಕೆರೆಗೆ ಬೇರೆ ಬಸ್ಸು. ಕ್ರಾಸಿನ ಹೋಟೆಲಿನ ತಟ್ಟೆ ಇಡ್ಲಿ ಚೆನ್ನಾಗಿರುತ್ತದೆ. ಇವರು ಮುರಿದು ಹಾಗೇ ಇಟ್ಟರು. ನಾನು ಕೈ ತೊಳೆಯಲು ಎದ್ದಾಗ ಹೊರಗೆ ಒಂದು ವ್ಯಾನು ನಿಂತಿತ್ತು, ಮೇಲೆ ಡ್ರಮ್ಮು ಕಟ್ಟಿದ್ದರು. ಒಳಗಿನ ಮೇಜೊಂದರಲ್ಲಿ ಆ ಬ್ಯಾಂಡಿನವರೇ ಕಾಫಿ ಕುಡಿಯುತ್ತಿದ್ದರು, ಕ್ಲಾರಿಯೊನೆಟ್ಟಿನವರು ಗೋಡೆ ಕಡೆ ಕೂತಿದ್ದರು.

ನನಗೆ ನಾಚಿಕೆ ಮಾನ ಏನೂ ಅಡ್ಡ ಬರಲಿಲ್ಲ. ಒದ್ದೆ ಕೈಯಲ್ಲೇ ಹೋಗಿ ಎದುರಿಗೆ ನಿಂತೆ. "ಸ್ವಾಮಿ, ನಿನ್ನೆ ತಿಪಟೂರಲ್ಲಿ ನೀವು ನುಡಿಸಿದ್ದು ಕೆಟ್ಟಿತ್ತೋ ಇಲ್ಲವೋ, ಸತ್ಯ ಹೇಳಿ," ಎಂದೆ.

ಡ್ರಮ್ಮಿನವನು ಎದ್ದುಬಿಟ್ಟ. "ಯಾರಮ್ಮ ನೀನು? ಬೆಳಿಗ್ಗೆ ಬೆಳಿಗ್ಗೆ ಜಗಳಕ್ಕೆ ಬಂದ್ಯಾ?"

"ಜಗಳಕ್ಕಲ್ಲಪ್ಪ," ಎಂದೆ. "ಅಲ್ಲಿ ಕೂತಿದಾರಲ್ಲ, ನಮ್ಮ ಯಜಮಾನರು. ಅವರ ಕಿವಿ ಹೋಗ್ತಾ ಇದೆ. ಇರೋವಾಗಲೇ ನಿಮ್ಮನ್ನ ಕೇಳಬೇಕು ಅಂತ ಮಾಯಸಂದ್ರದಿಂದ ಬಂದ್ರು. ನಿನ್ನೆ ಸ್ವರ ಎರಡೆರಡು ಕೇಳಿಸ್ತು, ಕಿವಿ ಪೂರಾ ಹೋಯ್ತು ಅಂದ್ಕೊಂಡಿದಾರೆ. ನಾನು ಹೇಳಿದ್ರೆ ನಂಬಲ್ಲ."

ಆ ವಯಸ್ಸಾದವರು ಲೋಟ ಕೆಳಗಿಟ್ಟು ಎದ್ದು ಬಂದು ಇವರ ಎದುರಿಗೆ ಕೂತರು. ಇವರು ಗಾಬರಿಯಾಗಿ ಎದ್ದು ಕೈಮುಗಿದರು. ಅವರು ಭುಜ ಹಿಡಿದು ಕೂರಿಸಿ, ಇಡೀ ಹೋಟೆಲಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿದರು. "ಯಜಮಾನರೇ, ನಿನ್ನೆ ನಾವು ಕೆಟ್ಟದಾಗಿ ನುಡಿಸಿದ್ವಿ. ನನ್ನ ಶ್ರುತಿ ಚಳಿಗೆ ಇಳಿದುಹೋಗಿತ್ತು, ಅಕಾರ್ಡಿಯನ್ನಿಗೆ ಸೇರಲೇ ಇಲ್ಲ. ನಿಮಗೆ ಎರಡು ಕೇಳಿಸಿದ್ರೆ, ಅಲ್ಲಿ ಇದ್ದದ್ದೇ ಎರಡು."

ಇವರು ಅಷ್ಟಕ್ಕೇ ಬಿಡಲಿಲ್ಲ. "ಮೂರನೇ ಹಾಡಲ್ಲಿ ಮೇಲಕ್ಕೆ ಹೋದಾಗ ಒಂದು ಸೀಳು ಬಂತು," ಎಂದರು.

"ಬಂತು. ಬಾಯಿಗಿಡೋ ರೀಡು ಬಿರುಕು ಬಿಟ್ಟಿತ್ತು."

"ಕಡೇ ಹಾಡಲ್ಲಿ ಒಂದು ಸಾಲು ನೀವು ಊದಲೇ ಇಲ್ಲ."

ಆ ಮನುಷ್ಯ ಇವರನ್ನೇ ನೋಡಿದರು. "ಊದೋಕೆ ಆಗಲಿಲ್ಲ. ಮುಂದಿನ ಹಲ್ಲು ಹೋಗಿವೆ, ತುಟಿ ನಿಲ್ಲಲ್ಲ. ಅದನ್ನ ನಮ್ಮವರೇ ಯಾರೂ ಗಮನಿಸಿರಲಿಲ್ಲ," ಎಂದರು. ಮೇಜಿನ ಕಡೆ ತಿರುಗಿ ಡ್ರಮ್ಮಿನವನನ್ನು ನೋಡಿದರು, ಅವನು ತಲೆ ತಗ್ಗಿಸಿದ. "ಕ್ಯಾಸೆಟ್ಟಿನಲ್ಲಿ ಇರೋನು ನಾನೇ. ಆದ್ರೆ ಅವನು ಈಗಿಲ್ಲ. ಅಷ್ಟು ದೂರದಿಂದ ಬಂದ್ರಿ, ಕ್ಷಮಿಸಿ."

ಇವರು ಅವರ ಎರಡೂ ಕೈ ಹಿಡಿದುಕೊಂಡು ಅತ್ತರು. ಎದುರಿಗಿದ್ದವರ ಕಣ್ಣಲ್ಲೂ ನೀರು. ಒಬ್ಬರಿಗೆ ತಮ್ಮ ಕಿವಿ ಇನ್ನೂ ಇದೆ ಎಂದು ಗೊತ್ತಾಗಿ ಅಳು, ಇನ್ನೊಬ್ಬರಿಗೆ ತಮ್ಮ ಬಾಯಿ ಹೋಯಿತೆಂದು ಬಾಯಿ ಬಿಟ್ಟು ಹೇಳಬೇಕಾಗಿ ಬಂದದ್ದಕ್ಕೆ. ಸತ್ಯ ಹೇಳಿ ಎಂದು ಕೇಳಿದವಳು ನಾನು, ಅದರ ಬೆಲೆ ಆ ಮನುಷ್ಯ ಕೊಟ್ಟರು. ಅವರ ಕಾಲು ಮುಟ್ಟಲು ಬಗ್ಗಿದೆ, "ಬೇಡಮ್ಮ, ಬೇಡ," ಎಂದು ಹಿಂದೆ ಸರಿದರು. ವ್ಯಾನಿನವರು ಹಾರ್ನು ಹೊಡೆದರು. ಅವರು ಹೋದ ಮೇಲೆ ಇವರು ತಣ್ಣಗಾದ ಇಡ್ಲಿಯನ್ನು ಪೂರ್ತಿ ತಿಂದು, ಇನ್ನೊಂದು ತರಿಸಿಕೊಂಡರು.

ತುರುವೇಕೆರೆ ಬಸ್ಸು ಖಾಲಿಯಿತ್ತು. ಹೊರಟು ಸ್ವಲ್ಪ ದೂರ ಹೋದ ಮೇಲೆ ಇವರು ನನ್ನ ಕಡೆ ವಾಲಿ, "ಮಾತಾಡೇ," ಎಂದರು.

"ಏನು ಮಾತಾಡ್ಲಿ?"

"ಏನಾದ್ರೂ ಮಾತಾಡು. ಮದುವೆ ಆದಾಗಿಂದ ನಿನ್ನ ಮಾತೆಲ್ಲ ಆ ಗಿರಣಿ ಸದ್ದಲ್ಲೇ ಅರ್ಧ ಅರ್ಧ ಕೇಳಿದೀನಿ. ಇನ್ನೆಷ್ಟು ದಿನ ಇರ್ತದೋ ಇದು. ಇರೋ ಅಷ್ಟು ದಿನ ನಿನ್ನನ್ನೇ ಕೇಳ್ತೀನಿ."

ಊರಲ್ಲಿ ಬಾಯಿಬಡುಕಿ ಎನ್ನಿಸಿಕೊಂಡವಳು ನಾನು. ಅವತ್ತು ಒಂದು ಮಾತೂ ಹೊರಡಲಿಲ್ಲ. ಅವರು ಕಾಯುತ್ತಿದ್ದರು. ಕಿಟಕಿಯಾಚೆ ಮೈಲಿಗಲ್ಲು ಬಂತು. ಬೇರೇನೂ ತೋಚದೆ ಅದನ್ನೇ ಓದಿದೆ.

"ತುರುವೇಕೆರೆ ಹದಿನಾಲ್ಕು."

"ಹೂಂ," ಎಂದರು.

ಮುಂದಿನ ಕಲ್ಲು ಬಂದಾಗ ಬಸ್ಸಿನ ಸದ್ದಿಗೆ ಮೀರಿ ಅದನ್ನೂ ಓದಿದೆ. "ತುರುವೇಕೆರೆ ಹದಿಮೂರು."

"ಹೂಂ."